ಒಣಹುಲ್ಲಿನಲ್ಲಿ ಅಡಗಿ ಬರುವ ವಿಷಗಿಡಗಳು

ಮಲೆನಾಡಿನಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದ ಮೇಲೆ ನಮ್ಮ ಕೊಟ್ಟಿಗೆಯ ಹುಲ್ಲಿನ ಲೆಕ್ಕವೇ ಬದಲಾಗಿದೆ. ಹಿಂದೆ ಸ್ವಂತ ಗದ್ದೆಯ ಹುಲ್ಲು ಅಂಗಳದ ಮೂಲೆಯಲ್ಲಿ ಬಣವೆಯಾಗಿ ನಿಲ್ಲುತ್ತಿತ್ತು. ಅದರಲ್ಲಿ ಏನಿದೆ ಎಂಬುದು ಕೊಯ್ದ ನಮಗೇ ಗೊತ್ತಿರುತ್ತಿತ್ತು. ಈಗ ಹುಲ್ಲು ಬಯಲುಸೀಮೆಯಿಂದ ಲಾರಿಯಲ್ಲಿ ಬರುತ್ತದೆ. ಯಂತ್ರದಲ್ಲಿ ಕೊಯ್ದು, ಯಂತ್ರದಲ್ಲೇ ಬಿಗಿದ ಉಂಡೆಗಳಾಗಿ ಬರುವುದೂ ಉಂಟು. ಅದು ಯಾರ ಹೊಲದ್ದೋ, ಯಾವ ಕೆರೆ ಏರಿಯದ್ದೋ ನಮಗೆ ತಿಳಿಯದು. ಆದುದರಿಂದ ಹುಲ್ಲಿನ ಜೊತೆಯಲ್ಲಿ ಬೇರೆ ಏನು ಬರುತ್ತದೆ ಎಂಬುದನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದು.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ. ಮಾಗಡಿ ರಸ್ತೆಯ ಆ ಬಡಾವಣೆಯಲ್ಲಿ ಇಂದು ಸಣ್ಣ ಕಾರ್ಖಾನೆಗಳೂ ಒತ್ತೊತ್ತಾದ ಮನೆಗಳೂ ತುಂಬಿವೆ. ಅವುಗಳ ನಡುವೆಯೇ ನನ್ನ ಸೋದರತ್ತೆಯ ಮಗ ಎರಡು ಹಸು ಕಟ್ಟಿಕೊಂಡು ನಾಲ್ಕು ಮನೆಗಳಿಗೆ ಹಾಲು ಕೊಡುತ್ತಾನೆ. ನಾನು ಹೋದಾಗ ಅವನ ಮುಖ ಬಾಡಿತ್ತು. "ಭಾವ, ಹಿಂಡಿ ಬದಲಾಯಿಸಿದೆ, ಪಾತ್ರೆ ಬದಲಾಯಿಸಿದೆ, ಹಾಲು ಕಹಿ ಅನ್ನೋದು ಮಾತ್ರ ಹೋಗಲಿಲ್ಲ. ಎರಡು ಮನೆಯವರು ಬಿಟ್ಟೇಬಿಟ್ಟರು" ಎಂದ. ಒಂದು ಹಸುವಿನ ಮೂತಿಯ ಸುತ್ತ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಬಾಯಿ ಬಿಡಿಸಿ ನೋಡಿದರೆ ತುಟಿಯ ಒಳಗೆ ಹುಣ್ಣು.

ಕೊಟ್ಟಿಗೆಯ ಹಿಂದೆ ಒಟ್ಟಿದ್ದ ಹುಲ್ಲನ್ನು ಬಿಡಿಸಿ ನೋಡಿದೆವು. ಖಾಲಿ ನಿವೇಶನಗಳಲ್ಲಿ ಕೊಯ್ಸಿ ಒಣಗಿಸಿದ್ದ ಹುಲ್ಲು ಅದು. ಒಂದು ತೆಕ್ಕೆ ಹುಲ್ಲಿನಲ್ಲಿ ಕೈತುಂಬ ಸಿಕ್ಕಿದ್ದು ನಮಗೆಲ್ಲ ಗೊತ್ತಿರುವ ಗಿಡ: ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಆ ಹುಲ್ಲು ನಿಲ್ಲಿಸಿ ಶುದ್ಧವಾದ ರಾಗಿಹುಲ್ಲು ಹಾಕಿದ ಮೇಲೆ ಕೆಲವು ದಿನಗಳಲ್ಲಿ ಹಾಲಿನ ಕಹಿ ಹೋಯಿತು. ಮೂತಿಯ ಗಾಯ ಮಾಯಲು ಮಾತ್ರ ವಾರಗಳು ಬೇಕಾದವು.

ದನಕ್ಕೆ ತಿಳಿಯುವುದಿಲ್ಲವೇ?

ಬಯಲಿನಲ್ಲಿ ಮೇಯುವ ದನ ಪಾರ್ಥೇನಿಯಂ ಗಿಡವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೂಸಿ ಮುಂದೆ ಹೋಗುತ್ತದೆ. ಅದನ್ನು ನೋಡಿಯೇ ನಾವು "ದನಕ್ಕೆ ಎಲ್ಲ ಗೊತ್ತು" ಎಂದು ನಂಬಿರುತ್ತೇವೆ. ಈ ನಂಬಿಕೆ ಮೇಯುವ ದನದ ಮಟ್ಟಿಗೆ ಬಹುಪಾಲು ಸರಿ, ಕಟ್ಟಿಹಾಕಿದ ದನದ ಮಟ್ಟಿಗೆ ಸರಿಯಲ್ಲ.

ಇದಕ್ಕೆ ಕಾರಣಗಳು ಮೂರು. ಒಂದು, ಗಿಡ ಒಣಗಿದಾಗ ಅದರ ಘಾಟು ವಾಸನೆ ಬಹಳ ಮಟ್ಟಿಗೆ ಹಾರಿಹೋಗುತ್ತದೆ, ಎಲೆ ಪುಡಿಯಾಗಿ ಒಳ್ಳೆಯ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಮೂತಿಯಿಂದ ಆರಿಸಿ ಬಿಡುವುದು ಆಗ ಸಾಧ್ಯವಿಲ್ಲ. ಎರಡು, ಕಟ್ಟಿದ ದನಕ್ಕೆ ಮುಂದಿರುವುದನ್ನು ತಿನ್ನುವುದಲ್ಲದೆ ಬೇರೆ ದಾರಿಯಿಲ್ಲ. ಹಸಿವು ರುಚಿಯನ್ನು ಕೇಳುವುದಿಲ್ಲ. ಮೂರು, ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಹಿಂಡಿನೀರು ಚಿಮುಕಿಸಿದ ಮೇಲಂತೂ ಒಳ್ಳೆಯದು ಕೆಟ್ಟದ್ದು ಎಲ್ಲ ಒಂದೇ ಆಗುತ್ತದೆ. ಯಂತ್ರ ಮೇವನ್ನು ಉಳಿಸುತ್ತದೆ, ನಿಜ. ಅದು ದನದ ಆಯ್ಕೆಯನ್ನೂ ತೆಗೆದುಹಾಕುತ್ತದೆ. ಆ ಆಯ್ಕೆಯ ಕೆಲಸ ಆಗ ನಮ್ಮ ಕೈಗೆ ಬರುತ್ತದೆ.

ಒಣಗಿದರೆ ವಿಷ ಹೋಗುವುದೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಕೆಲವು ವಿಷ ಹೋಗುತ್ತದೆ, ಹೆಚ್ಚಿನವು ಹೋಗುವುದಿಲ್ಲ ಎಂಬುದೇ ಇದಕ್ಕೆ ಉತ್ತರ.

ಹೋಗುವುದಕ್ಕೆ ಉದಾಹರಣೆ ಎಳೆಯ ಜೋಳ. ಮಳೆ ಕೈಕೊಟ್ಟು ಬಾಡಿದ ಎಳೆಜೋಳವನ್ನೂ, ಕೊಯ್ದ ಕೂಳೆಯಲ್ಲಿ ಮತ್ತೆ ಚಿಗುರಿದ ಜೋಳವನ್ನೂ ತಿಂದ ದನ ಗಳಿಗೆಯಲ್ಲಿ ಉರುಳುವುದನ್ನು ಬಯಲುಸೀಮೆಯ ರೈತರು ಬಲ್ಲರು. ಅದರಲ್ಲಿರುವ ಹೈಡ್ರೋಸಯನಿಕ್ ಆಮ್ಲ ಆವಿಯಾಗುವ ಗುಣದ್ದು. ಬಲಿತ ಜೋಳವನ್ನು ಕೊಯ್ದು ಚೆನ್ನಾಗಿ ಒಣಗಿಸಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ನಮ್ಮ ಹಿರಿಯರು "ಒಣಗಿಸಿ ಹಾಕು" ಎಂದದ್ದು ಇದೇ ಅನುಭವದಿಂದ.

ಆದರೆ ಈ ಒಂದು ಅನುಭವವನ್ನು ಎಲ್ಲ ಗಿಡಗಳಿಗೂ ಅನ್ವಯಿಸುವುದರಿಂದಲೇ ನಷ್ಟವಾಗುತ್ತಿದೆ. ಅದೇ ಜೋಳದಲ್ಲಿ, ಅತಿಯಾಗಿ ಗೊಬ್ಬರ ಬಿದ್ದ ಹುಲ್ಲಿನಲ್ಲಿ, ಕೊಳಚೆ ನೀರು ಕುಡಿದು ಬೆಳೆದ ಹುಲ್ಲಿನಲ್ಲಿ ಸೇರಿಕೊಳ್ಳುವ ನೈಟ್ರೇಟು ಒಣಗಿದರೂ ಹೋಗುವುದಿಲ್ಲ. ಕಾಮಾಕ್ಷಿಪಾಳ್ಯದ ಬಳಿ ಹರಿಯುವ ವೃಷಭಾವತಿ ಇಂದು ಕೊಳಚೆ ಹೊಳೆಯಾಗಿದೆ. ಅಂಥ ನೀರಿನ ದಡದಲ್ಲಿ ಕಪ್ಪು ಹಸಿರಾಗಿ ಸೊಂಪಾಗಿ ಬೆಳೆದ ಹುಲ್ಲು ಕಣ್ಣಿಗೆ ಚೆಂದ, ಕೊಟ್ಟಿಗೆಗೆ ಅಲ್ಲ. ಲಂಟಾನ, ಗಿಜಿಗಿಜಿ ಗಿಡ, ದತ್ತೂರಿ, ಕಣಗಿಲೆ ಇವುಗಳ ವಿಷವೂ ಒಣಗಿದ ಎಲೆಯಲ್ಲಿ ಹಾಗೆಯೇ ಉಳಿಯುತ್ತದೆ.

ಪಾರ್ಥೇನಿಯಂ

ಈ ಗಿಡ ಅಮೆರಿಕ ಖಂಡದ ಮೆಕ್ಸಿಕೋ ಕಡೆಯದು. ನಮ್ಮ ದೇಶದಲ್ಲಿ ಇದು 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಮುಂದಿನ ವರ್ಷಗಳಲ್ಲಿ ಎಲ್ಲೆಡೆ ಹಬ್ಬಿತು. ಬೆಂಗಳೂರಿನ ಖಾಲಿ ನಿವೇಶನಗಳೂ ರಸ್ತೆ ಬದಿಗಳೂ ಇದರ ತವರಾದವು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಪೀಡೆಯ ಕಳೆಯೆಂದು ಕಾನೂನಿನ ಪ್ರಕಾರ ಘೋಷಿಸಿತು. 1984ರಲ್ಲಿ ಮೆಕ್ಸಿಕೋದಿಂದ ತರಿಸಿದ ಜೈಗೊಗ್ರಾಮ ಎಂಬ ದುಂಬಿಯನ್ನು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹೊರಗೆ ಬಿಡಲಾಯಿತು. ಮಳೆಗಾಲದಲ್ಲಿ ಎಲೆಯನ್ನು ಬಲೆಯಂತೆ ತಿಂದು ಹಾಕುವ ಆ ದುಂಬಿಯನ್ನು ಇಂದಿಗೂ ಕಾಣಬಹುದು. ಆದರೂ ಗಿಡ ಹೋಗಿಲ್ಲ. ಒಂದೇ ಗಿಡ ಸಾವಿರಗಟ್ಟಲೆ ಬೀಜ ಬಿಡುವಾಗ ಹೋಗುವುದು ಸುಲಭವೂ ಅಲ್ಲ.

ಇದು ದನಕ್ಕೆ ಏನು ಮಾಡುತ್ತದೆ ಎಂಬುದನ್ನು ಬೆಂಗಳೂರಿನ ವಿಜ್ಞಾನಿಗಳೇ ಹಸು ಎಮ್ಮೆಗಳಿಗೆ ತಿನ್ನಿಸಿ ಪರೀಕ್ಷಿಸಿ 1977ರಲ್ಲಿ ಪ್ರಕಟಿಸಿದ್ದಾರೆ. ಮೇವಿನಲ್ಲಿ ಗಣನೀಯ ಪಾಲು, ಅಂದರೆ ಶೇಕಡಾ 10ರಿಂದ 50ರವರೆಗೆ, ಈ ಗಿಡ ಸೇರಿದರೆ ದನ ಸಾಯಬಹುದು ಎಂಬುದು ಅದರಿಂದ ತಿಳಿದುಬಂತು. ಗಿಡದಲ್ಲಿರುವ ಪಾರ್ಥೆನಿನ್ ಎಂಬ ಕಹಿ ಪದಾರ್ಥವೇ ಮೂಲ. ಚರ್ಮದ ಮೇಲೆ ಕೆಂಪು ಗುಳ್ಳೆ, ಕೂದಲು ಉದುರುವಿಕೆ, ತುರಿಕೆ, ಬಾಯಿಹುಣ್ಣು, ಭೇದಿ ಇವು ಲಕ್ಷಣಗಳು. ಸ್ವಲ್ಪವೇ ತಿಂದರೆ ಕಾಯಿಲೆ ಕಾಣದಿರಬಹುದು. ಆದರೆ ಹಾಲಿಗೆ ಕಹಿ ಬರುತ್ತದೆ. ಹಾಲು ಕಹಿಯಾದರೆ ಮೊದಲು ಹಿಂಡಿಯನ್ನಲ್ಲ, ಹುಲ್ಲನ್ನು ಅನುಮಾನಿಸಿರಿ.

ಹುಲ್ಲು ಆರಿಸುವವರೂ ಎಚ್ಚರದಿಂದಿರಬೇಕು. ಇದರ ಪುಡಿ ಮನುಷ್ಯರ ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ. ಬರಿಗೈಯಲ್ಲಿ ಮುಟ್ಟದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುವುದು ಲೇಸು.

ಲಂಟಾನ

ಕಾಫಿ ಸೀಮೆಯವರಿಗೆ ಲಂಟಾನವನ್ನು ಪರಿಚಯಿಸಬೇಕಾಗಿಲ್ಲ. 19ನೇ ಶತಮಾನದ ಮೊದಲಲ್ಲಿ ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಈ ಪೊದೆ ಇಂದು ನಮ್ಮ ಬೇಲಿ, ಕಾಡು, ಬೆಟ್ಟ ಎಲ್ಲವನ್ನೂ ಆವರಿಸಿದೆ.

ಇದರ ವಿಷದ ಹೆಸರು ಲಂಟಾಡೀನ್. ಅದು ಕೆಲಸ ಮಾಡುವ ರೀತಿಯನ್ನು ಅರಿತರೆ ಉಪಚಾರವೂ ಅರ್ಥವಾಗುತ್ತದೆ. ವಿಷ ಮೊದಲು ಪಿತ್ತಜನಕಾಂಗಕ್ಕೆ ಏಟು ಕೊಟ್ಟು ಪಿತ್ತರಸ ಹರಿಯದಂತೆ ಮಾಡುತ್ತದೆ. ದನ ಹಸಿರು ಮೇವು ತಿಂದಾಗ ಎಲೆಯ ಹಸಿರಿನಿಂದ ಹೊಟ್ಟೆಯಲ್ಲಿ ಒಂದು ಪದಾರ್ಥ ಹುಟ್ಟುತ್ತದೆ. ಆರೋಗ್ಯವಿದ್ದಾಗ ಅದು ಪಿತ್ತರಸದ ಜೊತೆ ಹೊರಗೆ ಹೋಗುತ್ತದೆ. ಪಿತ್ತರಸದ ದಾರಿ ಕಟ್ಟಿದಾಗ ಅದು ರಕ್ತಕ್ಕೆ ಸೇರಿ ಚರ್ಮದಡಿಗೆ ಬರುತ್ತದೆ. ಆಗ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಿ ಬಿರಿಯುತ್ತದೆ. ಕಪ್ಪು ಬಣ್ಣದ ಭಾಗಕ್ಕೆ ಅಷ್ಟಾಗಿ ಏನೂ ಆಗದೆ, ಬಿಳಿ ಮಚ್ಚೆ, ಮೂತಿ, ಕಿವಿ, ಕೆಚ್ಚಲಿನ ಮೇಲೆ ಮಾತ್ರ ಗಾಯ ಕಂಡರೆ ಲಂಟಾನವನ್ನು ನೆನೆಯಿರಿ. ಜೊತೆಗೆ ಕಣ್ಣು ಹಳದಿಯಾಗುತ್ತದೆ, ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಮೆಲುಕು ನಿಂತ ಹೊಟ್ಟೆಯಲ್ಲಿ ತಿಂದ ಎಲೆ ಹಾಗೆಯೇ ಉಳಿದು, ದಿನಗಟ್ಟಲೆ ವಿಷವನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇದೇ ಇದರ ಕೆಟ್ಟ ಗುಣ.

ದೇಹದ ತೂಕದ ಸುಮಾರು ಶೇಕಡಾ 1ರಷ್ಟು ಹಸಿ ಎಲೆ ತಿಂದರೆ ಅಪಾಯ ಎಂದು ಹೇಳುವುದುಂಟು. 300 ಕಿಲೋ ತೂಗುವ ಹಸುವಿಗೆ ಅದು 3 ಕಿಲೋ ಮಾತ್ರ. ಒಣಗಿದಾಗ ನೀರು ಹೋಗಿ ತೂಕ ಇಳಿಯುತ್ತದೆ, ವಿಷ ಇಳಿಯುವುದಿಲ್ಲ. ಆದುದರಿಂದ ಒಣ ಎಲೆ ಇನ್ನೂ ಕಡಿಮೆ ಸಾಕು.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ತೋಟದ ಬೇಲಿಯ ಬುಡದ ಹುಲ್ಲನ್ನು ಕೊಯ್ಸಿ ಒಣಗಿಸಿದ್ದೆ. ಕೊಯ್ದವರು ಹುಲ್ಲಿನೊಡನೆ ಲಂಟಾನದ ಎಳೆಗುಡಿಯನ್ನೂ ಸವರಿದ್ದರು, ನಾನು ಗಮನಿಸಲಿಲ್ಲ. ನಮ್ಮ ಬಿಳಿಯ ಕಡಸು ಮೇವು ಬಿಟ್ಟಿತು. ಮೂತಿಯಲ್ಲಿ ಗಾಯ ಕಂಡಾಗ, ಗಾಯ ಬೇಗ ಒಣಗಲೆಂದು ನಾನೇ ಅದನ್ನು ದಿನವಿಡೀ ಅಂಗಳದ ಬಿಸಿಲಿಗೆ ಕಟ್ಟಿದೆ. ವೈದ್ಯರು ಬರುವಷ್ಟರಲ್ಲಿ ಕೈ ಮೀರಿತ್ತು. ಚೊಚ್ಚಲ ಗಬ್ಬದ ಕಡಸು. ನೆರಳಿನಲ್ಲಿ ಕಟ್ಟಬೇಕಿತ್ತು ಎಂಬ ಒಂದು ಮಾತು ಆಗ ನನಗೆ ಗೊತ್ತಿರಲಿಲ್ಲ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಗಿಜಿಗಿಜಿ ಗಿಡ ಮತ್ತು ಬೆಟ್ಟದ ಜರಿ

ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಜಿಗಿಜಿ ಸದ್ದು ಮಾಡುವ, ಹಳದಿ ಹೂವಿನ ಕ್ರೊಟಲೇರಿಯ ಜಾತಿಯ ಗಿಡಗಳು ಹೊಲದ ಬದುಗಳಲ್ಲಿ ಸಾಮಾನ್ಯ. ಸೆಣಬು ಇದೇ ಕುಲದ್ದು. ಕಾಫಿ ತೋಟಗಳಲ್ಲಿ ಹಸಿರು ಗೊಬ್ಬರಕ್ಕೆಂದೂ ಇದರ ಕೆಲವು ಜಾತಿಗಳನ್ನು ಬೆಳೆಸಿದ್ದುಂಟು. ಮಣ್ಣಿಗೆ ಇವು ಒಳ್ಳೆಯವು. ಆದರೆ ಇವುಗಳಲ್ಲಿ ಹಲವು ಜಾತಿಗಳ ಎಲೆ ಬೀಜಗಳಲ್ಲಿ ಪಿತ್ತಜನಕಾಂಗವನ್ನು ನಿಧಾನವಾಗಿ ಹಾಳುಮಾಡುವ ಕ್ಷಾರವಿಷವಿದೆ. ಇಂದು ತಿಂದದ್ದರ ಫಲ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಕಾಣುತ್ತದೆ. ದನ ಸೊರಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅಷ್ಟು ಹೊತ್ತಿಗೆ ಆ ಹುಲ್ಲು ಮುಗಿದುಹೋಗಿ, ಕಾರಣ ಏನೆಂದು ಯಾರಿಗೂ ಹೊಳೆಯುವುದಿಲ್ಲ.

ಇದು ದನಕ್ಕೆ ಮಾತ್ರ ಸೀಮಿತವಲ್ಲ. 1970ರ ದಶಕದಲ್ಲಿ ಮಧ್ಯಪ್ರದೇಶದಲ್ಲಿದ್ದ, ಇಂದು ಛತ್ತೀಸಗಢಕ್ಕೆ ಸೇರಿದ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ ಜನರಿಗೆ ಹೊಟ್ಟೆ ಊದಿ ಸಾವುಗಳಾದವು. ಅವರು ತಿನ್ನುತ್ತಿದ್ದ ಸಾಮೆಯಂಥ ಕಿರುಧಾನ್ಯದಲ್ಲಿ ಕ್ರೊಟಲೇರಿಯ ಬೀಜ ಬೆರೆತಿದ್ದೇ ಕಾರಣವೆಂದು ವೈದ್ಯರು ಕಂಡುಕೊಂಡರು.

ಎತ್ತರದ ಬೆಟ್ಟಗಳ ಹುಲ್ಲುಗಾವಲಿನಿಂದ ಹುಲ್ಲು ಕೊಯ್ಯುವವರು ಬ್ರಾಕನ್ ಎಂಬ ಜರಿಗಿಡವನ್ನು ಗುರುತಿಸಲು ಕಲಿಯಬೇಕು. ತೊರೆಯ ದಡದ ಎಲ್ಲ ಜರಿಗಳೂ ವಿಷವಲ್ಲ. ಬಯಲು ಬೆಟ್ಟದಲ್ಲಿ ಗುಂಪಾಗಿ, ಮೊಣಕಾಲೆತ್ತರಕ್ಕೂ ಮೀರಿ, ತ್ರಿಕೋನಾಕಾರದ ಗಡಸು ಗರಿ ಬಿಡುವ ಜಾತಿ ಇದು. ತಿಂಗಳುಗಟ್ಟಲೆ ಇದನ್ನು ತಿಂದ ದನದ ಮೂತ್ರದಲ್ಲಿ ರಕ್ತ ಹೋಗುತ್ತದೆ, ಮೂತ್ರಕೋಶದಲ್ಲಿ ಗಂಟು ಬೆಳೆಯುತ್ತದೆ. ಇದರ ವಿಷ ಹಾಲಿನಲ್ಲೂ ಬರುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಕೊಟ್ಟಿಗೆಗೆ ಸೊಪ್ಪಾಗಿ ಹಾಸಿದರೂ ಹಸಿದ ದನ ಹಾಸಿನಿಂದಲೇ ಎಳೆದು ತಿನ್ನುವುದುಂಟು.

ಹೂದೋಟದ ಕಸ, ಬೂಷ್ಟು, ಮೈಲುತುತ್ತ

ಪಟ್ಟಣದ ಸುತ್ತಿನ ಹುಲ್ಲಿನಲ್ಲಿ ಇನ್ನೊಂದು ಅಪಾಯವಿದೆ. ಹೆದ್ದಾರಿಗಳ ನಡುವೆ, ಉದ್ಯಾನಗಳ ಅಂಚಿನಲ್ಲಿ ಕಣಗಿಲೆ ನೆಡುತ್ತಾರೆ. ಅದನ್ನು ಸವರಿ ರಾಶಿ ಹಾಕಿದ ಸೊಪ್ಪು ಹುಲ್ಲಿನೊಡನೆ ಬೆರೆತರೆ ಹೃದಯಕ್ಕೇ ವಿಷ. ಒಣಗಿದ ಕೆಲವೇ ಎಲೆ ದನವನ್ನು ಕೊಲ್ಲಬಲ್ಲದು. ಹಳದಿ ಕಣಗಿಲೆಯೂ ಹಾಗೆಯೇ. ದತ್ತೂರಿ, ಹರಳುಬೀಜ, ಗೌರಿಹೂವಿನ ಬಳ್ಳಿ ಇವೂ ಇದೇ ಸಾಲಿನವು. ಉದ್ಯಾನದಲ್ಲಿ ಕೊಯ್ದ ಹುಲ್ಲನ್ನು ಪುಕ್ಕಟೆ ಎಂದು ತರುವ ಮೊದಲು ಎರಡು ಬಾರಿ ಯೋಚಿಸಿರಿ.

ಗಿಡವಲ್ಲದಿದ್ದರೂ ಬೂಷ್ಟನ್ನು ಇಲ್ಲಿಯೇ ಹೇಳಬೇಕು. ನೆನೆದು ಬಿಸಿಯಾಗಿ ಬೂಷ್ಟು ಹಿಡಿದ ಭತ್ತದ ಹುಲ್ಲನ್ನು ತಿಂದ ಎಮ್ಮೆಗಳಿಗೆ ಕಿವಿ, ಬಾಲ, ಗೊರಸು ಕೊಳೆಯುವ ರೋಗ ಪಂಜಾಬ್ ಹರಿಯಾಣಗಳಲ್ಲಿ ಕಂಡಿದೆ. ನಮ್ಮಲ್ಲಿ ಹಾರಕ ತಿಂದರೆ ಮತ್ತು ಬರುತ್ತದೆ ಎಂಬ ಮಾತಿದೆ. ಆ ಮತ್ತು ಹಾರಕದ ಗುಣವಲ್ಲ, ಒದ್ದೆಯಲ್ಲಿ ಅದಕ್ಕೆ ಹತ್ತುವ ಬೂಷ್ಟಿನ ಗುಣವೆಂದು ವಿಜ್ಞಾನ ತೋರಿಸಿದೆ.

ಅಡಿಕೆ ಬೆಳೆಗಾರರಿಗೆ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಮರದಡಿಯ ಹುಲ್ಲಿನ ಮೇಲೂ ಹಾಳೆಯ ಮೇಲೂ ಮೈಲುತುತ್ತದ ನೀಲಿ ಉಳಿದಿರುತ್ತದೆ. ತಾಮ್ರ ಪಿತ್ತಜನಕಾಂಗದಲ್ಲಿ ಶೇಖರವಾಗುತ್ತದೆ. ಕುರಿಗಳಿಗಂತೂ ಇದು ಬಲು ಅಪಾಯ. ಸಿಂಪಡಣೆ ಮಾಡಿದ ತೋಟದ ಹುಲ್ಲನ್ನು ಚೆನ್ನಾಗಿ ಮಳೆ ಹೊಡೆದು ಹೊಸ ಚಿಗುರು ಬರುವತನಕ ಕೊಯ್ಯದಿರುವುದು ಉತ್ತಮ.

ಲಾರಿ ಬಂದಾಗ ನೋಡಬೇಕಾದುದು

1. ಹಣ ಎಣಿಸುವ ಮೊದಲು ಮೇಲಿನ, ನಡುವಿನ ಮತ್ತು ಅಡಿಯ ಒಂದೊಂದು ಕಟ್ಟನ್ನು ಬಿಚ್ಚಿಸಿ ನೋಡಿರಿ. ಮೇಲಿನ ಕಟ್ಟು ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

2. ಒಂದು ತೆಕ್ಕೆಯನ್ನು ಬಿಳಿ ಬಟ್ಟೆಯ ಮೇಲೆ ಕೊಡವಿರಿ. ಹುಲ್ಲಿನ ದಂಟು ಟೊಳ್ಳು, ಗಂಟುಗಂಟು. ಕವಲೊಡೆದ ಗಟ್ಟಿ ಕಡ್ಡಿ, ಅಗಲ ಎಲೆಯ ಚೂರು, ಬಿಳಿಯ ಸಣ್ಣ ಹೂವಿನ ಉದುರು, ಸದ್ದು ಮಾಡುವ ಕಾಯಿ ಕಂಡರೆ ಅದು ಹುಲ್ಲಲ್ಲ.

3. ಕೈ ಒಳಗೆ ತೂರಿಸಿ ನೋಡಿರಿ. ಬಿಸಿ, ಒದ್ದೆ, ಮುಗ್ಗಲು ವಾಸನೆ ಇದ್ದರೆ ಬೇಡ.

4. ಎಲ್ಲಿಯ ಹುಲ್ಲು ಎಂದು ಕೇಳಿರಿ. ಒಕ್ಕಣೆಯಾದ ರಾಗಿ ಅಥವಾ ಭತ್ತದ ಹುಲ್ಲು ಒಂದು, ರಸ್ತೆ ಬದಿ ಕೆರೆ ಏರಿಯಲ್ಲಿ ಕೊಯ್ದ ಹುಲ್ಲು ಇನ್ನೊಂದು. ಬೆಲೆ ಕಡಿಮೆ ಎಂದು ಎರಡನೆಯದನ್ನು ಕೊಂಡರೆ ಆರಿಸುವ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿರಿ.

5. ಆರಿಸಿದ ಮೇಲೆಯೇ ಕತ್ತರಿಸುವ ಯಂತ್ರಕ್ಕೆ ಕೊಡಿರಿ.

6. ಹೊಸ ಹುಲ್ಲನ್ನು ಹಸಿದ ದನಕ್ಕೆ ಒಮ್ಮೆಗೇ ಹಾಕಬೇಡಿರಿ. ಮೊದಲ ವಾರ ಹಳೆಯ ಹುಲ್ಲಿನೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ.

7. ಆರಿಸಿ ತೆಗೆದ ಕಳೆಯನ್ನು ಗೊಬ್ಬರ ಗುಂಡಿಗೆ ಎಸೆಯಬೇಡಿರಿ. ಬೀಜ ಬಿಟ್ಟ ಪಾರ್ಥೇನಿಯಂ ಗೊಬ್ಬರದ ಜೊತೆ ನಿಮ್ಮ ತೋಟಕ್ಕೇ ಬರುತ್ತದೆ. ಮನೆಯಿಂದ ದೂರ, ಹೊಗೆ ತಾಗದ ಕಡೆ ಸುಡುವುದು ಅಥವಾ ಆಳವಾಗಿ ಹೂಳುವುದು ಸರಿ.

ದನ ಮಲಗಿದರೆ

ಅನುಮಾನ ಬಂದೊಡನೆ ಆ ಹುಲ್ಲನ್ನು ಎಲ್ಲ ದನಗಳಿಗೂ ನಿಲ್ಲಿಸಿರಿ, ಕಾಯಿಲೆಯದಕ್ಕೆ ಮಾತ್ರವಲ್ಲ. ನೆರಳಿನಲ್ಲಿ ಕಟ್ಟಿ, ಕುಡಿಯಲು ನೀರು ಇಡಿರಿ. ಪಶುವೈದ್ಯರಿಗೆ ಹೇಳಿಕಳುಹಿಸಿರಿ, 1962 ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಹೋಗುತ್ತದೆ. ವೈದ್ಯರು ಬರುವ ಮೊದಲು ಎಣ್ಣೆ, ಮಜ್ಜಿಗೆ, ಹುಣಿಸೆ ನೀರು ಎಂದು ಬಲವಂತವಾಗಿ ಗೊಟ್ಟದಲ್ಲಿ ಕುಡಿಸಬೇಡಿರಿ. ನುಂಗಲಾರದ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಮೊದಲು ಅದೇ ಕೊಲ್ಲುತ್ತದೆ.

ತಿಂದ ಹುಲ್ಲಿನಲ್ಲಿ ಒಂದು ತೆಕ್ಕೆಯನ್ನೂ, ಅನುಮಾನದ ಗಿಡವನ್ನು ಹೂ ಕಾಯಿ ಸಮೇತವೂ ತೆಗೆದಿಟ್ಟು ವೈದ್ಯರಿಗೆ ತೋರಿಸಿರಿ. ವಿಷ ಯಾವುದೆಂದು ತಿಳಿದರೆ ಅರ್ಧ ಚಿಕಿತ್ಸೆಯಾದಂತೆ. ಜೋಳದ ವಿಷಕ್ಕೂ ನೈಟ್ರೇಟಿಗೂ ಬೇರೆಬೇರೆ ಚುಚ್ಚುಮದ್ದುಗಳಿವೆ. ಲಂಟಾನಕ್ಕೆ ಹೊಟ್ಟೆಯಲ್ಲಿ ಉಳಿದ ವಿಷವನ್ನು ಹೀರಲು ಇದ್ದಿಲಿನ ಔಷಧ ಕೊಡುತ್ತಾರೆ. ಗಿಜಿಗಿಜಿಗೂ ಜರಿಗೂ ಹಾಗೆ ಹೇಳಿಕೊಳ್ಳುವ ಮದ್ದಿಲ್ಲ, ತಡೆಯುವುದೊಂದೇ ಉಪಾಯ.

ಕಾಮಾಕ್ಷಿಪಾಳ್ಯದಲ್ಲಿ ನನ್ನ ಅತ್ತೆಯ ಮಗ ಈಗ ಹುಲ್ಲು ತಂದವನಿಗೆ ಕೂಡಲೇ ದುಡ್ಡು ಕೊಡುವುದಿಲ್ಲ. ಹಳೆಯ ಬಿಳಿ ಪಂಚೆಯೊಂದನ್ನು ಹಾಸಿ, ಒಂದು ತೆಕ್ಕೆ ಕೊಡವಿ, ಕೂತು ನೋಡುತ್ತಾನೆ. ಬಿಟ್ಟುಹೋದ ಎರಡು ಮನೆಯವರಲ್ಲಿ ಒಬ್ಬರು ಮತ್ತೆ ಹಾಲಿಗೆ ಬರುತ್ತಿದ್ದಾರೆ. ಕಟ್ಟಿದ ದನ ತಾನಾಗಿ ಆರಿಸಲಾರದು. ಅದರ ಪರವಾಗಿ ಆರಿಸಲು ನಮಗೆ ಬೇಕಾದುದು ಒಂದು ಪಂಚೆ ಮತ್ತು ಕಾಲು ಗಂಟೆ ಬಿಡುವು.